ಅಕ್ಕ ಗಟ್ಟಿ ಎಂದರೆ ಗಟ್ಟಿ

ನಮ್ಮ ಅಕ್ಕನಿಗೆ ಕಾರು ಓಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಊರಿನ ಅರ್ಧದಷ್ಟು ಕಾರುಗಳ ಡ್ರೈವರ್ ಸೀಟಿನಲ್ಲಿ ಅವಳು ಕೂತಿದ್ದಾಳೆ, ಸ್ಟಿಯರಿಂಗ್ ಹಿಡಿದಿದ್ದಾಳೆ, ಕನ್ನಡಿ ತನ್ನ ಕಡೆ ತಿರುಗಿಸಿಕೊಂಡು ಕೂದಲು ಸರಿಮಾಡಿಕೊಂಡಿದ್ದಾಳೆ, ಆದರೆ ಒಂದು ಗಾಡಿಯನ್ನೂ ಒಂದು ಗೇಣು ಮುಂದಕ್ಕೆ ಒಯ್ದವಳಲ್ಲ. ಅವಳ ಕೆಲಸ ನಿಂತ ಕಾರಿನ ಬ್ರೇಕ್ ಒತ್ತುವುದಾಗಿತ್ತು. ಅದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರಿದ್ದರು. ಅವರೂ ತಮ್ಮ ಗಾಡಿಯನ್ನು ನಮ್ಮಲ್ಲಿಗೇ ತರುತ್ತಿದ್ದರು.

ಅಕ್ಕನ ಗಂಡ, ನನ್ನ ಭಾವ, ಬ್ರೇಕ್ ಮೆಕ್ಯಾನಿಕ್. ಇಂಜಿನ್ ಮುಟ್ಟುತ್ತಿರಲಿಲ್ಲ, ಪೇಂಟ್ ಮಾಡುತ್ತಿರಲಿಲ್ಲ, ಪಂಕ್ಚರ್ ಹಾಕಿ ಎಂದರೆ ಮುಖ ತಿರುಗಿಸುತ್ತಿದ್ದರು. ಮನೆಯ ಮುಂದೆಯೇ ತಗಡಿನ ಶೆಡ್ಡು. ಶೆಡ್ಡಿನ ಬಾಯಿಂದ ಎದುರಿನ ಕಾಂಪೌಂಡ್ ಗೋಡೆಯವರೆಗೆ ಸಿಮೆಂಟಿನ ಸಣ್ಣ ಇಳಿಜಾರು. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ಅದರ ಪಕ್ಕದ ಕಿಟಕಿ ತೆರೆದರೆ ಶೆಡ್ಡು ಕಾಣುತ್ತಿತ್ತು. ನಾನು ಅಕ್ಕನ ಮನೆ ಸೇರಿದ್ದು ಹೇಗೆ ಎಂಬುದನ್ನು ಹೆಚ್ಚು ಬೆಳೆಸುವುದಿಲ್ಲ. ಕಟ್ಟಿಕೊಂಡವನಿಗೆ ಕುಡಿಯುವ ಚಟ, ನನಗೆ ಮೂಗಿನ ತುದಿಯಲ್ಲೇ ಕೋಪ. ಒಂದು ದಿನ ಯಂತ್ರವನ್ನು ಆಟೋದಲ್ಲಿ ಹಾಕಿಕೊಂಡು ಬಂದೆ, ಅಕ್ಕ ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟಳು.

ಬ್ರೇಕ್ ಆಯಿಲ್‌ಗೂ ಕುಡಿಯುವ ಚಟವಿದೆ ಎಂದು ನನಗೆ ಹೇಳಿಕೊಟ್ಟವರು ಭಾವ. ಹೆಸರಿಗೆ ಆಯಿಲ್, ಆದರೆ ಮಾಮೂಲಿ ಎಣ್ಣೆಯ ಗುಣ ಅದಕ್ಕಿಲ್ಲ. ಗಾಳಿಯಲ್ಲಿರುವ ನೀರಿನ ಪಸೆಯನ್ನು ಸದ್ದಿಲ್ಲದೆ ಕುಡಿಯುತ್ತಾ ಇರುತ್ತದೆ. ಹೊಸದಾಗಿ ಹಾಕಿದಾಗ ತಿಳಿ ಜೇನಿನ ಬಣ್ಣ, ವರ್ಷ ಎರಡು ವರ್ಷ ಕಳೆದರೆ ಕಪ್ಪು ಚಹಾ. ಅಷ್ಟು ನೀರು ಕುಡಿದ ಆಯಿಲ್ ಉದ್ದನೆಯ ಇಳಿಜಾರಿನಲ್ಲಿ ಬಿಸಿಯಾಗಿ ಕುದಿಯುತ್ತದೆ, ಕುದ್ದರೆ ಆವಿಯಾಗುತ್ತದೆ, ಆವಿಯನ್ನು ಒತ್ತಿದರೆ ಏನಾಗುತ್ತದೆ? ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ತನ್ನ ಪಾಡಿಗೆ ತಾನು ಹೋಗುತ್ತದೆ. ಅದಕ್ಕೇ ಆಗಾಗ ಹಳೆಯದನ್ನೆಲ್ಲ ತೆಗೆದು ಹೊಸದು ತುಂಬಬೇಕು. ಜನ ಸೀಟಿನ ಕವರ್ ಬದಲಿಸುತ್ತಾರೆ, ಹಾಡು ಕೇಳಲು ಹೊಸ ಸ್ಪೀಕರ್ ಹಾಕಿಸುತ್ತಾರೆ, ಬ್ರೇಕ್ ಆಯಿಲ್ ಎಂದರೆ ಹಾಗೊಂದು ವಸ್ತು ಇದೆಯೇ ಎಂದು ಕೇಳುತ್ತಾರೆ. ಭಾವ ಬೈಯುತ್ತಿರಲಿಲ್ಲ. ಬೈಯುವ ಕೆಲಸವನ್ನು ಕಿಟಕಿಯಿಂದ ನಾನು ಮಾಡುತ್ತಿದ್ದೆ.

ಈ ಕೆಲಸಕ್ಕೆ ಇಬ್ಬರು ಬೇಕು. ಭಾವ ಗಾಡಿಯ ಕೆಳಗೆ, ಚಕ್ರದ ಹಿಂದೆ ಅಂಗಾತ ಮಲಗುತ್ತಿದ್ದರು. ಅಲ್ಲಿ ನಿಪ್ಪಲ್ ಎಂಬ ಸಣ್ಣ ತೂತಿನ ಮೊಳೆ ಇರುತ್ತದೆ, ಅದಕ್ಕೊಂದು ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಯಲ್ಲಿ ಇಳಿಬಿಡುತ್ತಿದ್ದರು. ಅಕ್ಕ ಚಪ್ಪಲಿ ಕಳಚಿಟ್ಟು ಸೀಟಿನಲ್ಲಿ ಕೂತು ಬರಿಗಾಲನ್ನು ಪೆಡಲ್ ಮೇಲಿಡುತ್ತಿದ್ದಳು. ಕೆಳಗಿನಿಂದ “ಒತ್ತು” ಎಂದು ಕೇಳಿಸುತ್ತಿತ್ತು. ಅವಳು ಒತ್ತಿ “ಹಿಡ್ದಿದ್ದೀನಿ” ಎನ್ನುತ್ತಿದ್ದಳು. ಅವರು ನಿಪ್ಪಲ್ ಸಡಿಲಿಸಿದರೆ ಹಳೆಯ ಆಯಿಲ್ ಗುಳ್ಳೆಗಳ ಜೊತೆ ಬಾಟಲಿಗೆ ಬೀಳುತ್ತಿತ್ತು, ಪೆಡಲ್ ಮೆಲ್ಲಗೆ ನೆಲ ಮುಟ್ಟುತ್ತಿತ್ತು. ಅವರು ನಿಪ್ಪಲ್ ಬಿಗಿದು “ಬಿಡು” ಅನ್ನುವ ತನಕ ಅವಳ ಪಾದ ಅಲ್ಲಿಂದ ಕದಲಬಾರದು. ಒಂದಿಷ್ಟು ಮೇಲೆದ್ದರೂ ಹೊರಗೆ ಹೋದ ಗಾಳಿ ವಾಪಸು ಒಳಗೆ. ಹೀಗೆ ನಾಲ್ಕು ಚಕ್ರ, ಒಂದೊಂದಕ್ಕೂ ಹತ್ತಾರು ಸಲ. ಕೊನೆಗೆ ಅಕ್ಕ ಪೆಡಲನ್ನು ಒತ್ತಿ ನೋಡಿ ತೀರ್ಪು ಕೊಡುತ್ತಿದ್ದಳು. ಮೆತ್ತಗಿದ್ದರೆ ಪೈಪಿನಲ್ಲಿ ಎಲ್ಲೋ ಗಾಳಿ ಉಳಿದಿದೆ ಎಂದರ್ಥ, ಮತ್ತೆ ಮೊದಲಿಂದ. “ಗಟ್ಟಿ” ಎಂದರೆ ಕೆಲಸ ಮುಗಿಯಿತು. ಭಾವ ತಾವು ಒಮ್ಮೆಯೂ ಒತ್ತಿ ನೋಡುತ್ತಿರಲಿಲ್ಲ. ಅಕ್ಕ ಗಟ್ಟಿ ಎಂದರೆ ಗಟ್ಟಿ.

ಒತ್ತು, ಹಿಡ್ದಿದ್ದೀನಿ, ಬಿಡು. ನಿಜ ಹೇಳಬೇಕೆಂದರೆ ಆ ಗಂಡ ಹೆಂಡತಿ ಆಡುತ್ತಿದ್ದ ಮಾತೇ ಅಷ್ಟು. ಜಗಳ ಏನೂ ಇರಲಿಲ್ಲ. ಮಕ್ಕಳಾಗಲಿಲ್ಲ, ಆ ಕೊರಗನ್ನು ಇಬ್ಬರೂ ಬೇರೆ ಬೇರೆಯಾಗಿ ನುಂಗಿಕೊಂಡರು, ಆಮೇಲೆ ಮಾತಿಗೆ ಏನನ್ನು ಹಿಡಿದುಕೊಳ್ಳಬೇಕು ಎಂದು ತಿಳಿಯಲಿಲ್ಲವೋ ಏನೋ. ಊಟಕ್ಕೆ ಕೂತರೆ ತಟ್ಟೆಯ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ನಾನೊಬ್ಬಳು ವಟವಟ ಅನ್ನದಿದ್ದರೆ ಆ ಮನೆಯಲ್ಲಿ ಗಡಿಯಾರವೇ ದೊಡ್ಡ ವಾಚಾಳಿ. ಆದರೆ ಶೆಡ್ಡಿನಲ್ಲಿ ಕಾರಿನ ಒಳಗೊಬ್ಬರು ಕೆಳಗೊಬ್ಬರು, ಮುಖ ಕಾಣದೆ, ಗಂಟೆಗಟ್ಟಲೆ ಒಬ್ಬರ ಮಾತಿಗೆ ಒಬ್ಬರು ಉತ್ತರ ಕೊಡುತ್ತಿದ್ದರು. ನಾನು ಕಿಟಕಿಯ ಪಕ್ಕ ಗುಂಡಿಗೆ ಕಾಜಾ ಹೊಲಿಯುತ್ತಾ ಕೇಳುತ್ತಿದ್ದೆ. ಕೇಳಲು ಚೆನ್ನಾಗಿರುತ್ತಿತ್ತು.

ಭಾವ ಗೋಡೆಗೆ ನಿಲ್ಲುವ ಪದ್ಧತಿ ನಾನು ಬರುವ ಮೊದಲೇ ಶುರುವಾಗಿತ್ತು. ಯಾರೋ ಲಾರಿ ಮಾಲೀಕ ತನ್ನ ಹೊಸ ಕಾರು ತಂದವನು, ಸೀಟಿನಲ್ಲಿ ಅಕ್ಕನನ್ನು ನೋಡಿ, ಅಡುಗೆಮನೆಯ ಕಾಲಿಗೆ ನನ್ನ ಜೀವ ಒಪ್ಪಿಸಬೇಕಾ ಎಂದು ನಕ್ಕನಂತೆ. ಭಾವ ಇಳಿಜಾರಿನ ತುದಿಗೆ ನಡೆದು, ಗೋಡೆಗೆ ಬೆನ್ನು ಕೊಟ್ಟು, ಕೈ ಕಟ್ಟಿ ನಿಂತು, ಈಗ ಗಾಡಿ ಬಿಡಿ, ನನ್ನ ಮುಂದೆ ನಿಲ್ಲಿಸಿ ಅಂದರಂತೆ. ಗಾಡಿ ಬಂತು, ಅವರ ಮೊಣಕಾಲಿನಿಂದ ಮೊಳ ದೂರದಲ್ಲಿ ನಿಂತಿತು. ಅವತ್ತಿನಿಂದ ಪ್ರತಿ ಗಾಡಿಗೂ ಅದೇ. ಮಾಲೀಕರೇ ಗಾಡಿ ಇಳಿಸಬೇಕು, ಭಾವ ಗೋಡೆಗೆ ನಿಲ್ಲಬೇಕು. ಹುಚ್ಚಾಟ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಭಾವ ನಗುತ್ತಿದ್ದರು. ಅಕ್ಕ ಒಳಗೆ ಹೋಗಿ ಕೈಕಾಲು ತೊಳೆದು ಚಹಾ ಇಡುತ್ತಿದ್ದಳು, ನೋಡುತ್ತಲೂ ಇರಲಿಲ್ಲ. ನೋಡುವ ಅಗತ್ಯ ಅವಳಿಗೆ ಕಾಣುತ್ತಿರಲಿಲ್ಲ.

ಅಕ್ಕನ ಕಾಲಿನ ವಿಷಯ ನನಗೆ ತಿಳಿದದ್ದು ಒಂದು ಸೂಜಿಯಿಂದ. ಬೆಳಿಗ್ಗೆಯೇ ನನ್ನ ಯಂತ್ರದ ಸೂಜಿ ಮುರಿದು ತುಂಡು ಎಲ್ಲೋ ಹಾರಿತ್ತು. ನೆಲವನ್ನೆಲ್ಲ ತಡಕಾಡಿ ಸಿಗದೆ ಬೈದುಕೊಳ್ಳುತ್ತಾ ಕೂತಿದ್ದೆ. ಅಕ್ಕ ಮಂಚದ ಮೇಲೆ ಕಾಲು ಚಾಚಿ ಸೊಪ್ಪು ಬಿಡಿಸುತ್ತಿದ್ದಳು. ನೋಡಿದರೆ ಅವಳ ಬಲಗಾಲಿನ ಅಂಗಾಲಿನಲ್ಲಿ ಸೂಜಿ ನೆಟ್ಟುಕೊಂಡಿದೆ, ಸುತ್ತ ಒಣಗಿದ ರಕ್ತ. ಬೆಳಗಿನಿಂದ ಮನೆ ತುಂಬ ಓಡಾಡಿದ್ದಾಳೆ, ಶೆಡ್ಡಿನಲ್ಲಿ ಒಂದು ಗಾಡಿಯ ಬ್ರೇಕ್ ಒತ್ತಿದ್ದಾಳೆ. ಪಾದ ಹಿಡಿದು ಸೂಜಿ ಕಿತ್ತೆ. ಅವಳು ಸೊಪ್ಪಿನಿಂದ ತಲೆಯನ್ನೂ ಎತ್ತಲಿಲ್ಲ.

ಸಕ್ಕರೆ ಕಾಯಿಲೆ ಅವಳಿಗೆ ಹಳೆಯದು. ಗುಳಿಗೆಯನ್ನು ನೆನಪಾದಾಗ ನುಂಗುವುದು, ಮರೆತರೆ ಇಲ್ಲ. ಅವಳನ್ನು ದರದರ ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ. ಅವರು ಅಂಗಾಲಿಗೆ ಹತ್ತಿ ತಾಗಿಸಿದರು, ಬೆರಳಿನಿಂದ ಒತ್ತಿದರು, ಪೆನ್ನಿನ ತುದಿಯಿಂದ ಗೀರಿದರು. ಗೊತ್ತಾಗುತ್ತಾ, ಗೊತ್ತಾಗುತ್ತಾ ಎಂದು ಕೇಳಿದಾಗೆಲ್ಲ ಅಕ್ಕ ಹೂಂ ಹೂಂ ಅನ್ನುತ್ತಿದ್ದಳು, ಅವರು ಮುಟ್ಟದಿದ್ದಾಗಲೂ ಹೂಂ ಅಂದಳು. ಡಾಕ್ಟರು ನನ್ನ ಮುಖ ನೋಡಿದರು. ಹೋದ ಸ್ಪರ್ಶ ಇನ್ನು ಬರುವುದಿಲ್ಲ, ಇರುವ ಪಾದವನ್ನು ಹುಣ್ಣಾಗದಂತೆ ಕಾಪಾಡಿಕೊಳ್ಳಿ, ಬರಿಗಾಲಲ್ಲಿ ಓಡಾಡಬೇಡಿ ಅಂದರು.

ದಾರಿಯುದ್ದಕ್ಕೂ ನಾನು ಬೈದೆ. ಇವತ್ತೇ ಭಾವನಿಗೆ ಹೇಳು, ಇನ್ನು ಆ ಸೀಟಿನಲ್ಲಿ ಕೂರಬೇಡ, ನೀನು ಗಟ್ಟಿ ಎಂದು ಹೇಳುವುದು ಯಾವುದನ್ನು ನೋಡಿ ಎಂದು ಕೇಳಿದೆ. ಮಂಡಿಗೆ ಗೊತ್ತಾಗುತ್ತದೆ, ಸೊಂಟಕ್ಕೆ ಗೊತ್ತಾಗುತ್ತದೆ, ಇಷ್ಟು ವರ್ಷದ ಅಭ್ಯಾಸ ಎಲ್ಲಿಗೆ ಹೋಗುತ್ತದೆ ಎಂದಳು. ನಾನು ಇನ್ನೂ ಜೋರು ಮಾಡಿದಾಗ ರಸ್ತೆಯ ಪಕ್ಕ ನಿಂತುಬಿಟ್ಟಳು.

“ಇಡೀ ದಿನದಲ್ಲಿ ಅವರು ನನ್ನನ್ನ ಕರೆಯೋದು ಅದೊಂದಕ್ಕೇ ಕಣೆ,” ಅಂದಳು. “ಅದನ್ನೂ ಬಿಡು ಅಂತೀಯಲ್ಲ.”

ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ. ಮಾತು ಕೊಟ್ಟು ಮನೆಗೆ ಬಂದವಳೇ, ಅವಳು ಸ್ನಾನಕ್ಕೆ ಹೋದ ತಕ್ಷಣ, ಶೆಡ್ಡಿಗೆ ಹೋಗಿ ಎಲ್ಲವನ್ನೂ ಭಾವನಿಗೆ ಹೇಳಿಬಿಟ್ಟೆ. ಗೋಡೆಗೆ ನಿಲ್ಲುವವರು ಅವರು. ಮಾತು ಉಳಿಸಿಕೊಂಡು ನಾನು ಅವರ ಹೆಣ ನೋಡಬೇಕಿತ್ತೇ?

ಭಾವ ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತಾ ಕೇಳಿಸಿಕೊಂಡರು. ಆಮೇಲೆ ಬೆಂಚಿನ ಕೆಳಗಿನಿಂದ ಒಂದು ಮರದ ಕೋಲು ತೆಗೆದು ತೋರಿಸಿದರು. ಅದರ ಒಂದು ತುದಿಗೆ ರಬ್ಬರ್ ಸುತ್ತಿತ್ತು. ಪೆಡಲ್ ಒತ್ತಿ, ಈ ಕೋಲನ್ನು ಪೆಡಲಿಗೂ ಸೀಟಿಗೂ ನಡುವೆ ಸಿಕ್ಕಿಸಿದರೆ ಪೆಡಲ್ ಏಳುವುದಿಲ್ಲ, ಒಬ್ಬನೇ ಕೆಳಗೆ ಹೋಗಿ ಗಾಳಿ ತೆಗೆಯಬಹುದು. ನಿಧಾನ, ಆದರೆ ಆಗುತ್ತದೆ. ಅಕ್ಕನ ಪಾದ ಹಿಡಿತ ತಪ್ಪುತ್ತಿದೆ ಎಂದು ಅವರಿಗೆ ಕೆಳಗೆ ಮಲಗಿದ್ದಾಗಲೇ ತಿಳಿದಿತ್ತಂತೆ, ಬಾಟಲಿಯ ಗುಳ್ಳೆ ನಿಲ್ಲುತ್ತಲೇ ಇರಲಿಲ್ಲವಂತೆ. ಅವಳು ಗಟ್ಟಿ ಎಂದು ಹೇಳಿ ಕೈಕಾಲು ತೊಳೆಯಲು ಒಳಗೆ ಹೋದ ಮೇಲೆ ಅವರು ಈ ಕೋಲು ಹಾಕಿ ನಾಲ್ಕೂ ಚಕ್ರವನ್ನು ಮತ್ತೆ ಮಾಡುತ್ತಿದ್ದರು. ಮಾಲೀಕರಿಗೆ ಬೇರೇನೋ ಬಿಗಿಯುವುದಿದೆ ಎಂದು ಸಬೂಬು. ಅದಾದ ಮೇಲೆಯೇ ಗೋಡೆಗೆ ನಿಲ್ಲುವುದು.

ನನಗೆ ತಲೆ ಕೆಟ್ಟುಹೋಯಿತು. ಹಾಗಾದರೆ ಅವಳನ್ನು ಕೂರಿಸುವುದಾದರೂ ಯಾಕೆ, ಸುಮ್ಮನೆ ಎರಡೆರಡು ಸಲ ಕೆಲಸ, ಹೇಳಿಬಿಡಿ ಅಂದೆ.

“ಎದ್ದು ಹೋಗು ಅಂತ ಅವಳಿಗೆ ಹೇಗೆ ಹೇಳ್ಲಿ,” ಅಂದರು ಭಾವ. ಕೋಲನ್ನು ಮತ್ತೆ ಬೆಂಚಿನ ಕೆಳಗೆ ತಳ್ಳಿದರು.

ಹೀಗೆ ನನ್ನ ಬಾಯಿಗೆ ಎರಡೂ ಕಡೆಯಿಂದ ಬೀಗ ಬಿತ್ತು. ಅಕ್ಕ ತನ್ನ ಗುಟ್ಟು ಗಂಡನಿಗೆ ಗೊತ್ತಿಲ್ಲ ಎಂದು ತಿಳಿದಿದ್ದಳು, ಭಾವ ತಮ್ಮ ಗುಟ್ಟು ಹೆಂಡತಿಗೆ ಗೊತ್ತಿಲ್ಲ ಎಂದು ನೆಮ್ಮದಿಯಾಗಿದ್ದರು, ನಡುವೆ ನಾನು ಹೊಟ್ಟೆ ಉಬ್ಬರಿಸಿಕೊಂಡು ಕೂತಿದ್ದೆ. ಒಂದು ವರ್ಷ ಹೀಗೇ ನಡೆಯಿತು. ಗಾಡಿಯ ಕೆಲಸ ಮುಗಿಯುತ್ತಿದ್ದಂತೆ ನಾನು ಕಿಟಕಿಯಿಂದ ಅಕ್ಕನನ್ನು ಒಳಗೆ ಕರೆಯುತ್ತಿದ್ದೆ. ದಾರ ಪೋಣಿಸಿಕೊಡು, ಹಾಲು ಉಕ್ಕುತ್ತಿದೆ, ಈ ತೋಳಿನ ಅಳತೆ ನೋಡು, ಏನಾದರೊಂದು. ನಿನ್ನ ಕಣ್ಣಿಗೇನಾಗಿದೆ, ಇಷ್ಟು ಬೇಗ ಮುದುಕಿಯಾದೆಯಾ ಎಂದು ಅವಳು ತಮಾಷೆ ಮಾಡುತ್ತಾ ಬರುತ್ತಿದ್ದಳು. ಅವಳು ಒಳಗಿದ್ದಷ್ಟು ಹೊತ್ತು ಶೆಡ್ಡಿನಲ್ಲಿ ಕೋಲಿನ ಕೆಲಸ ನಡೆಯುತ್ತಿತ್ತು. ಆ ವರ್ಷ ಅಕ್ಕ ಸಂತೋಷವಾಗಿದ್ದಳು, ಅದನ್ನೂ ಹೇಳಬೇಕು. ನನ್ನ ಕಾಲು ಹೋಗಿದ್ದರೂ ಒಂದೇ ಒಂದು ಗಾಡಿ ಕೆಟ್ಟಿದೆಯಾ ನೋಡು ಎಂದು ನನ್ನ ಹತ್ತಿರ ಜಂಬ ಕೊಚ್ಚುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ.

ಆ ದಿನ ಬಂದವನು ಸ್ಕೂಲಿನ ಗುಮಾಸ್ತ. ಸಾಧು ಮನುಷ್ಯ. ಅವನ ತಾಯಿಯನ್ನು ಬೆಟ್ಟದ ಕೆಳಗಿನ ಆಸ್ಪತ್ರೆಯಿಂದ ಮನೆಗೆ ಕರೆತರಬೇಕಿತ್ತು. ಇಳಿಜಾರಿನ ದಾರಿ, ಹಳೆಯ ಕಾರು, ಅದಕ್ಕೇ ಹೊರಡುವ ಮೊದಲು ಬ್ರೇಕ್ ತೋರಿಸೋಣ ಎಂದು ಬಂದಿದ್ದ. ಬುದ್ಧಿವಂತಿಕೆಯ ಕೆಲಸವೇ. ಭಾವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಆಯಿಲ್ ಕಪ್ಪಗೆ ಮಸಿಯಂತಾಗಿತ್ತು. ಪೂರ್ತಿ ಬದಲಿಸಬೇಕು ಎಂದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಸೀಟಿಗೆ ಹೋದಳು. ಒತ್ತು, ಹಿಡ್ದಿದ್ದೀನಿ, ಬಿಡು ಶುರುವಾಯಿತು. ಅವತ್ತು ಬಹಳ ಹೊತ್ತು ಹಿಡಿಯಿತು, ಗುಮಾಸ್ತ ಗಡಿಯಾರ ನೋಡಿಕೊಳ್ಳುತ್ತಾ ಶೆಡ್ಡಿನ ಬಾಗಿಲಲ್ಲಿ ಅತ್ತ ಇತ್ತ ನಡೆಯುತ್ತಿದ್ದ. ಕೊನೆಗೆ ಅಕ್ಕ ಪೆಡಲ್ ಒತ್ತಿ ನೋಡಿ ಗಟ್ಟಿ ಅಂದಳು.

ಗುಮಾಸ್ತ ಅವಳಿಗೆ ಕೈ ಮುಗಿದ. ನಿಮ್ಮ ಕಾಲಿನ ಮೇಲೆ ನಂಬಿಕೆ ಇಟ್ಟು ನಮ್ಮಮ್ಮನನ್ನು ಕರೆದುಕೊಂಡು ಬರುತ್ತೇನೆ ಅಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅಷ್ಟು ವರ್ಷದಲ್ಲಿ ಗಾಡಿಯ ಮಾಲೀಕರು ಭಾವನಿಗೆ ಕೈ ಮುಗಿದಿದ್ದರು, ಅಕ್ಕನಿಗೆ ಮುಗಿದವನು ಅವನೊಬ್ಬನೇ. ಅಕ್ಕನ ಮುಖ ಅರಳಿದ್ದನ್ನು ನಾನು ಕಿಟಕಿಯಿಂದ ಕಂಡೆ. ಅವಳು ಒಳಗೆ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಶೆಡ್ಡಿನ ಕಂಬಕ್ಕೆ ಒರಗಿ ನಿಂತಳು.

ನಾನು ಕರೆದೆ. ದಾರ ಪೋಣಿಸು ಬಾ ಅಂದೆ. ಇರು, ಬರುತ್ತೇನೆ ಅಂದಳು. ಹಾಲು ಉಕ್ಕುತ್ತಿದೆ ಅಂದೆ. ನೀನೇ ಇಳಿಸು, ಇವತ್ತೊಂದು ದಿನ ನೋಡುತ್ತೇನೆ ಅಂದಳು. ಭಾವ ಬೆಂಚಿನ ಹತ್ತಿರ ನಿಂತಿದ್ದರು. ಬಗ್ಗಿದರೆ ಕೋಲು ಕೈಗೆ ಸಿಗುತ್ತಿತ್ತು. ಅವರು ನನ್ನ ಕಡೆ ನೋಡಿದರು, ಅಕ್ಕನ ಕಡೆ ನೋಡಿದರು. ಗುಮಾಸ್ತ ಆಗಲೇ ಸೀಟಿನಲ್ಲಿ ಕೂತು ಇಂಜಿನ್ ಹಾಕಿದ್ದ. ಇಂಜಿನ್ ಓಡುತ್ತಿದ್ದರೆ ಯಾವ ಕಾರಿನ ಪೆಡಲೂ ಕೊಂಚ ಮೆತ್ತಗಾಗುತ್ತದೆ, ಇದು ಒಳಗೆ ಉಳಿದ ಗಾಳಿಯ ಮೆತ್ತಗೆ ಎಂದು ಅವನಿಗೆ ಎಲ್ಲಿಂದ ತಿಳಿಯಬೇಕು?

ಭಾವ ಗೋಡೆಯ ಕಡೆ ನಡೆದರು.

“ಭಾವ, ಬೇಡ,” ಎಂದು ನಾನು ಕಿರುಚಿದೆ. ಯಂತ್ರದ ಮುಂದಿನಿಂದ ಎದ್ದ ರಭಸಕ್ಕೆ ಬಟ್ಟೆಯೆಲ್ಲ ಕೆಳಗೆ ಬಿತ್ತು. ಅವರು ತಿರುಗದೆಯೇ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ಅಕ್ಕ ನನ್ನತ್ತ ನೋಡಿ, ಇವಳದ್ದು ಯಾವಾಗಲೂ ಇದೇ ಎನ್ನುವಂತೆ ನಕ್ಕಳು. ಭಾವ ಗೋಡೆಗೆ ಬೆನ್ನು ಕೊಟ್ಟು ಕೈ ಕಟ್ಟಿ ನಿಂತರು.

ಕಾರು ಜೋರಾಗೇನೂ ಬರಲಿಲ್ಲ. ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು. ನಡೆಯುವ ಮನುಷ್ಯನಷ್ಟೇ ವೇಗ. ಗುಮಾಸ್ತನ ಮುಖ ಮೊದಲು ನಗುತ್ತಿತ್ತು, ಆಮೇಲೆ ಅವನು ಕೆಳಗೆ ತನ್ನ ಕಾಲಿನ ಕಡೆ ನೋಡಿದ. ಪೆಡಲ್ ನೆಲಕ್ಕೆ ಹೋಗಿರಬೇಕು. ಬಿಟ್ಟು ಬಿಟ್ಟು ಒತ್ತಬೇಕು, ಇಲ್ಲವೇ ಹ್ಯಾಂಡ್‌ಬ್ರೇಕ್ ಎಳೆಯಬೇಕು ಎಂಬುದು ಆ ಕ್ಷಣ ಯಾರಿಗೆ ಹೊಳೆಯುತ್ತದೆ? ಭಾವ ಪಕ್ಕಕ್ಕೆ ಸರಿಯಬಹುದಿತ್ತು. ಸರಿಯಲು ಹೊರಟರೋ ಇಲ್ಲವೋ ನನಗೆ ಕಾಣಲಿಲ್ಲ. ಬಂಪರು ಅವರ ಮಂಡಿಗಳನ್ನು ಗೋಡೆಗೆ ಒತ್ತಿ ಹಿಡಿದ ಮೇಲೆ ಕಾರು ನಿಂತಿತು.

ಬಲಗಾಲನ್ನು ಮಂಡಿಯ ಮೇಲಕ್ಕೆ ತೆಗೆದರು. ಎಡಗಾಲು ಇದೆ, ಆದರೆ ಮಡಚುವುದಿಲ್ಲ. ಗಾಡಿಯ ಕೆಳಗೆ ಮಲಗುವ ಮಾತು ಮುಗಿಯಿತು. ಗುಮಾಸ್ತ ಕೆಲವು ದಿನ ಆಸ್ಪತ್ರೆಯ ಬಾಗಿಲಲ್ಲಿ ಕೂತು ಅಳುತ್ತಿದ್ದ, ಆಮೇಲೆ ಅವನ ತಾಯಿ ತೀರಿಕೊಂಡರು, ಅವನ ದಾರಿ ಅವನಿಗೆ. ಶೆಡ್ಡನ್ನು ಬ್ಯಾಟರಿ ಮಾರುವವನೊಬ್ಬ ಬಾಡಿಗೆಗೆ ಹಿಡಿದಿದ್ದಾನೆ. ನನ್ನ ಕಿಟಕಿಯಿಂದ ಈಗ ಅವನ ಅಂಗಡಿ ಕಾಣುತ್ತದೆ, ನಾನು ಕಿಟಕಿ ಹಾಕಿಯೇ ಹೊಲಿಯುತ್ತೇನೆ.

ಆಸ್ಪತ್ರೆಯಿಂದ ಬಂದ ಮೇಲೆ ಭಾವನ ಮಂಚವನ್ನು ಮುಂದಿನ ಕೋಣೆಯಲ್ಲೇ ಹಾಕಿದೆವು. ಅಕ್ಕ ಕೆಳಗೆ ನೆಲದ ಮೇಲೆ ಕೂರುತ್ತಿದ್ದಳು. ಊಟ ಮಾಡುತ್ತಿರಲಿಲ್ಲ, ಗುಳಿಗೆ ನುಂಗುತ್ತಿರಲಿಲ್ಲ, ಅಂಗಾಲಿನಲ್ಲಿ ಹುಣ್ಣು ಎದ್ದರೂ ತೋರಿಸುತ್ತಿರಲಿಲ್ಲ. ನಾನು ಗದರಿದೆ, ಗೋಗರೆದೆ, ಹೊಡೆಯುವುದೊಂದು ಬಾಕಿ. ಒಂದು ಮಧ್ಯಾಹ್ನ, ಭಾವನ ಕಾಲಿನ ಪಟ್ಟಿ ಬದಲಿಸುತ್ತಿದ್ದವಳು ಇದ್ದಕ್ಕಿದ್ದಂತೆ ಅವರ ಮುಖ ನೋಡಿದಳು.

“ನನ್ನ ಮಾತು ನಂಬಿ ನಿಂತ್ರಲ್ಲ,” ಅಂದಳು. “ಕಾಲು ಹೋಗಿತ್ತು ರೀ. ಗೊತ್ತಿದ್ದೂ ನಿಮಗೆ ಹೇಳ್ಲಿಲ್ಲ. ನೀವು ನಂಬಿದ್ರಿ.”

ಭಾವ ಅವಳ ಕೈ ಹಿಡಿದುಕೊಂಡರು. ನಾನು ಆ ಮನೆಯಲ್ಲಿ ಅದನ್ನು ಕಂಡದ್ದು ಅದೇ ಮೊದಲು. ಅವಳ ಎದೆಯ ಮೇಲಿನ ಭಾರ ಇಳಿಸಬೇಕು, ಅಷ್ಟೇ ಅವರ ಮನಸ್ಸಿನಲ್ಲಿದ್ದದ್ದು, ದೇವರಾಣೆ. ನನಗೂ ಆಗ ಅದು ಒಳ್ಳೆಯದೇ ಅನ್ನಿಸಿತು, ಹೇಳಲಿ, ಇವಳು ತನ್ನನ್ನು ತಾನು ಸುಟ್ಟುಕೊಳ್ಳುವುದಾದರೂ ನಿಲ್ಲಲಿ ಎಂದು ಯಂತ್ರ ನಿಲ್ಲಿಸಿ ಕೂತೆ.

“ನಂಬಿರ್ಲಿಲ್ಲ ಕಣೆ,” ಅಂದರು ಭಾವ. “ನಿನ್ನ ತಪ್ಪೇನೂ ಇಲ್ಲ. ನಂಗೆ ಮೊದಲೇ ಗೊತ್ತಿತ್ತು. ನೀನು ಒಳಗೆ ಹೋದ್ಮೇಲೆ ನಾನೇ ಮತ್ತೆ ಮಾಡ್ತಿದ್ದೆ. ಅವತ್ತು ಆಗ್ಲಿಲ್ಲ, ಅಷ್ಟೇ.”

ಅಕ್ಕ ಪಟ್ಟಿಯ ಸುರುಳಿಯನ್ನು ಮಂಚದ ಅಂಚಿನಲ್ಲಿಟ್ಟಳು.

“ಎಲ್ಲಾ ಗಾಡಿನೂ?”

“ಎಲ್ಲಾನೂ.”

“ಆ ವರ್ಷ ಪೂರ್ತಿ?”

ಭಾವ ತಲೆಯಾಡಿಸಿದರು. ಅಕ್ಕ ನನ್ನ ಕಡೆ ತಿರುಗಿದಳು. ನನ್ನ ಮುಖದಲ್ಲಿ ಅವಳಿಗೆ ಬೇಕಾದ ಉತ್ತರ ಇತ್ತು, ದಾರವೂ ಹಾಲೂ ತೋಳಿನ ಅಳತೆಯೂ ಯಾಕಾಗಿತ್ತು ಎಂಬುದನ್ನೆಲ್ಲ ಅವಳು ಅಲ್ಲಿಯೇ ಓದಿಕೊಂಡಳು. ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಭಾವನ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಪಟ್ಟಿಯ ಉಳಿದ ಸುತ್ತನ್ನು ಸುತ್ತಿ, ತುದಿಗೆ ಗಂಟು ಹಾಕಿದಳು.

“ಹಾಗಾದ್ರೆ ನಾನು ಅಲ್ಲಿ ಕೂತು ಏನ್ ಮಾಡ್ತಿದ್ದೆ?” ಅಂದಳು.

ಅವಳು ಕಾದಳು. ಆಮೇಲೆ ಅವಳು ಹಳೆಯ ಪಟ್ಟಿಯನ್ನು ಮುದ್ದೆ ಮಾಡಿಕೊಂಡು ಎದ್ದು ಅಡುಗೆಮನೆಗೆ ಹೋದಳು.

ಅದಾದ ಮೇಲೆ ಅಕ್ಕ ಊಟ ಮಾಡುತ್ತಾಳೆ. ಗುಳಿಗೆಯನ್ನೂ ನುಂಗುತ್ತಾಳೆ. ಭಾವನ ತಟ್ಟೆ, ನೀರು, ಔಷಧಿ ಯಾವುದನ್ನೂ ಹೊತ್ತು ಮೀರಿಸುವುದಿಲ್ಲ, ಅವರನ್ನು ಎತ್ತಿ ಕೂರಿಸುತ್ತಾಳೆ, ಬೆನ್ನು ಒರೆಸುತ್ತಾಳೆ. ಮಾತು ಮಾತ್ರ ಆಡುವುದಿಲ್ಲ. ಭಾವ ಈಗ ದಿನಕ್ಕೆ ಹತ್ತು ಸಲ ಏನಾದರೊಂದು ನೆಪ ಹುಡುಕಿ ಅವಳನ್ನು ಕರೆಯುತ್ತಾರೆ. ಅವಳು ಬರುತ್ತಾಳೆ, ಕೇಳಿದ್ದನ್ನು ಕೊಡುತ್ತಾಳೆ, ಹೋಗುತ್ತಾಳೆ.